ಎದ್ದು ಬಡಿಸುವವರ ತುತ್ತು

ಮುರಿಗೆಪ್ಪ ಎಂಬ ನನ್ನ ಹೆಸರಿನ ಮುಂದೆ ಡಾಕ್ಟರ್ ಅಂತ ಇದೆ. ಅದನ್ನು ನೋಡಿ ಯಾರೂ ನನ್ನ ಮುಂದೆ ನಾಲಿಗೆ ಚಾಚಬೇಡಿ. ನಾನು ಆ ಡಾಕ್ಟರ್ ಅಲ್ಲ, ಅಗಿಯುವುದರ ಡಾಕ್ಟರ್. ಮನುಷ್ಯ ಒಂದು ತುತ್ತನ್ನು ಎಷ್ಟು ಸಲ ಅಗಿಯುತ್ತಾನೆ, ಆಗ ಅವನ ಮೈ ಎಷ್ಟು ಶಕ್ತಿ ಖರ್ಚು ಮಾಡುತ್ತದೆ, ಅದರಿಂದ ತೂಕ ಎಷ್ಟು ಇಳಿಯುತ್ತದೆ ಎಂದು ಅಳೆಯುತ್ತಲೇ ಇಪ್ಪತ್ತಾರು ವರ್ಷ ಕಳೆದವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಲೇಬೇಕಾಗಿದ್ದ ಒಂದು ಕಡೆ ಹೇಳದೆ ಸುಮ್ಮನಿದ್ದೆ.

ನಿಮ್ಮ ಕಿವಿಯ ಕೆಳಗೆ ಅಂಟಿಕೊಂಡಿರುವ ದವಡೆಮಣಿ ಹುಟ್ಟಿದ್ದು ಧಾರವಾಡದಲ್ಲಿ, ನಮ್ಮ ಪ್ರಯೋಗಾಲಯದ ಎರಡನೇ ಮಹಡಿಯಲ್ಲಿ. ಜೋಳದ ಕಾಳಿನಷ್ಟು ಗಾತ್ರ. ಹಲ್ಲು ಕಚ್ಚಿದಾಗ ಕೆನ್ನೆಯ ಹಿಂದೆ ಉಬ್ಬುವ ಸ್ನಾಯುವನ್ನು ಅದು ಎಣಿಸುತ್ತದೆ. ನುಂಗಿದಾಗ ಗಂಟಲಿನಲ್ಲಿ ಆಗುವ ಗುಟುಕ್ ಎಂಬ ಸದ್ದನ್ನೂ ಕೇಳಿಸಿಕೊಳ್ಳುತ್ತದೆ. ನಲವತ್ತು ಸಲ ಅಗಿಯುವ ಮೊದಲೇ ನುಂಗಿದರೆ ಸೊಳ್ಳೆಯ ಹಾಗೆ ಗುಂಯ್ ಅನ್ನುತ್ತದೆ. ಇಡೀ ಊಟ ನಲವತ್ತರ ಲೆಕ್ಕದಲ್ಲಿ ಮುಗಿಸಿದರೆ ಫೋನಿನೊಳಗಿನಿಂದ ಒಂದು ಹೆಣ್ಣುದನಿ 'ಶಭಾಷ್' ಅನ್ನುತ್ತದೆ. ಆ ಶಭಾಷ್ ಸೇರಿಸಿದವನೂ ನಾನೇ.

ಬರೇ ಅಗಿದು ತೂಕ ಇಳಿಸುವುದೇ ಎಂದು ಹಿರಿಯ ವಿಜ್ಞಾನಿಗಳು ಮೊದಲು ನಕ್ಕಿದ್ದರು. ಒಂದು ಊಟ ಅಗಿಯಲು ಆಗುವ ಖರ್ಚು ಎರಡು ಮಹಡಿ ಹತ್ತಿದಷ್ಟೂ ಇಲ್ಲ, ನಿಜ. ಆದರೆ ಚೆನ್ನಾಗಿ ಅಗಿದ ಊಟದ ಮೇಲೆ ಮೈ ಇನ್ನಷ್ಟು ಹೊತ್ತು ಬಿಸಿಯಾಗಿರುತ್ತದೆ. ನಿಧಾನಕ್ಕೆ ಉಂಡವನ ಹೊಟ್ಟೆ ಸಾಕು ಅನ್ನಲು ಸಮಯ ಸಿಗುತ್ತದೆ, ಎರಡು ತುತ್ತು ಕಡಿಮೆ ಹೋಗುತ್ತದೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ. ವರ್ಷದ ಕೊನೆಗೆ ಲೆಕ್ಕ ಹಾಕಿದಾಗ ನಕ್ಕವರು ಬಾಯಿ ಮುಚ್ಚಿದರು. ನಲವತ್ತರ ನಿಯಮ ಶಾಲೆಗಳಿಗೆ ಬಂತು, ಕಚೇರಿ ಕ್ಯಾಂಟೀನುಗಳಿಗೆ ಬಂತು, ಆಮೇಲೆ ಮನೆಮನೆಗೆ ಬಂತು. ಮದುವೆಯ ಒಂದು ಪಂಕ್ತಿ ಏಳಲು ಒಂದೂವರೆ ತಾಸು ಹಿಡಿಯುತ್ತಿತ್ತು, ಎರಡನೇ ಪಂಕ್ತಿಯವರು ಬೆನ್ನ ಹಿಂದೆ ನಿಂತು ಅಗಿಯುವ ದವಡೆಗಳನ್ನು ಶಪಿಸುತ್ತಿದ್ದರು. ಬಸ್ಸು ಊಟಕ್ಕೆ ನಿಂತಲ್ಲಿ ಕಂಡಕ್ಟರು ಸೀಟಿ ಊದಿ ಊದಿ ಸುಸ್ತಾಗುತ್ತಿದ್ದ. ಕೆಲವು ಜಾಣರು ಎಲೆಅಡಿಕೆ ಮೆಲ್ಲುತ್ತ ಲೆಕ್ಕ ಏರಿಸಿಕೊಳ್ಳಲು ನೋಡಿದರು. ಅದಕ್ಕೂ ನಾವು ಮದ್ದು ಅರೆದೆವು. ಬಹಳ ಹೊತ್ತು ಅಗಿದು ನುಂಗದೇ ಹೋದರೆ ಅದು ಎಲೆಅಡಿಕೆ, ಊಟದ ಲೆಕ್ಕದಿಂದ ಹೊರಗಿಡು ಎಂದು ಮಣಿಗೆ ಕಲಿಸಿದೆವು. ಈ ಎಲೆಅಡಿಕೆಯ ನಿಯಮವನ್ನು ನೆನಪಿಟ್ಟುಕೊಳ್ಳಿ.

ಮಣಿಯ ಮೊದಲ ಪ್ರಯೋಗಕ್ಕೆ ನಾವು ಆರಿಸಿಕೊಂಡದ್ದು ಬಾದಾಮಿ, ಗುಳೇದಗುಡ್ಡ, ಇಳಕಲ್ ಕಡೆಯ ಸಾವಿರದ ಇನ್ನೂರು ಜನರನ್ನು. ಅರ್ಧ ಗಂಡಸರು, ಅರ್ಧ ಹೆಂಗಸರು. ಕಡಕ್ ರೊಟ್ಟಿ ತಿನ್ನುವ ಜನಕ್ಕಿಂತ ಗಟ್ಟಿ ದವಡೆ ಎಲ್ಲಿ ಸಿಗಬೇಕು? ಅದಕ್ಕಿಂತ ದೊಡ್ಡ ಕಾರಣ, ಗುಳೇದಗುಡ್ಡ ನನ್ನ ಊರು. ಅಲ್ಲಿ ನನ್ನ ಅಕ್ಕ ಬಸಲಿಂಗವ್ವ ಖಾನಾವಳಿ ನಡೆಸುತ್ತಿದ್ದಳು. ಅವಳೇ ಮುಂದೆ ನಿಂತು ಓಣಿಯ ಹೆಂಗಸರ ಕಿವಿಗೆಲ್ಲ ಮಣಿ ಅಂಟಿಸಿಕೊಟ್ಟಳು. ನಮ್ಮ ತಮ್ಮ ಮಾಡಿದ್ದು ಅಂದರೆ ಬೇಡ ಅನ್ನುವ ಧೈರ್ಯ ಆ ಓಣಿಯಲ್ಲಿ ಯಾರಿಗೂ ಇರಲಿಲ್ಲ.

ಅಕ್ಕನ ಬಗ್ಗೆ ಎರಡು ಮಾತು ಹೇಳಬೇಕು. ನನಗೆ ಆರು ವರ್ಷವಿದ್ದಾಗ ಅವ್ವ ತೀರಿಹೋದಳು. ಅಕ್ಕನಿಗೆ ಹದಿನಾಲ್ಕು. ಅವಳು ಶಾಲೆ ಬಿಟ್ಟು ರೊಟ್ಟಿ ಬಡಿಯಲು ಕುಳಿತಳು, ನಾನು ಶಾಲೆಗೆ ಹೋದೆ. ಮದುವೆಯಾಗಿ ಅದೇ ಓಣಿಯಲ್ಲಿ ಉಳಿದಳು, ಗಂಡ ಸತ್ತ ಮೇಲೆ ಮನೆಯ ಮುಂಭಾಗದಲ್ಲೇ ಖಾನಾವಳಿ ತೆರೆದಳು. ನನಗೆ ನೆನಪಿರುವಷ್ಟು ಕಾಲವೂ ಅವಳು ಒಂದೇ ರೀತಿ ಉಂಡವಳು. ಎಲ್ಲರಿಗೂ ಬಡಿಸಿ ಕೊನೆಗೆ ತಾಟು ಹಿಡಿದು ಕೂರುವಳು, ಒಂದು ತುತ್ತು ಬಾಯಿಗಿಡುವಳು, ಅಷ್ಟರಲ್ಲಿ ನಾನು "ಅಕ್ಕಾ, ಪಲ್ಯ" ಅನ್ನುವೆ. ತುತ್ತು ಬಾಯಲ್ಲೇ ಇಟ್ಟುಕೊಂಡು ಏಳುವಳು. ಮಾತಾಡಲು ಬಾರದೆ ಕೈಯಿಂದಲೇ ಎಷ್ಟು ಹಾಕಲಿ ಎಂದು ಕೇಳುವಳು. ನನಗೆ ಅದು ಆಟ. ಒಮ್ಮೊಮ್ಮೆ ಬೇಕಂತಲೇ ಅವಳು ತುತ್ತಿಡುವುದನ್ನು ಕಾದು ಕರೆಯುತ್ತಿದ್ದೆ. ಅವಳ ಉಬ್ಬಿದ ಕೆನ್ನೆ ನೋಡಿ ನಗುತ್ತಿದ್ದೆ.

ಪ್ರಯೋಗದ ಮೂರನೇ ತಿಂಗಳು. ಮಣಿಯ ಕೇಳುವ ಭಾಗವನ್ನು ರೂಪಿಸಿದವಳು ನನ್ನ ಸಹೋದ್ಯೋಗಿ ಜೋಹರಾ ನದಾಫ್. ಅಣ್ಣಿಗೇರಿಯವಳು, ಮಾತು ಕಡಿಮೆ, ಹಟ ಜಾಸ್ತಿ. ಅವಳು ಮಣಿಯೊಳಗೆ ಇನ್ನೊಂದು ಕೆಲಸ ಸೇರಿಸಿದ್ದಳು. ಕೊನೆಯ ಸಲ ಅಗಿದದ್ದಕ್ಕೂ ನುಂಗಿದ್ದಕ್ಕೂ ನಡುವೆ ಆರೋಗ್ಯವಂತರಲ್ಲಿ ಒಂದೆರಡು ಸೆಕೆಂಡಿನ ಅಂತರ. ಸತತ ಮೂರು ಊಟಗಳಲ್ಲಿ ಆ ಅಂತರ ನಾಲ್ಕು ಸೆಕೆಂಡು ಮೀರಿದರೆ ಗಂಟಲಿನಲ್ಲೋ ಅನ್ನನಾಳದಲ್ಲೋ ಏನೋ ತೊಡಕಿರಬಹುದು, ಆಗ ಮಣಿ ಕೆಂಪು ಗುರುತು ತೋರಿಸಿ ಆಸ್ಪತ್ರೆಗೆ ಹೋಗಿ ಅನ್ನಬೇಕು. ಚಂದದ ಯೋಚನೆ. ಆದರೆ ಫಲಿತಾಂಶ ಬಂದಾಗ ನಿರ್ದೇಶಕರು ಕೆಂಡವಾದರು. ಆರುನೂರು ಗಂಡಸರಲ್ಲಿ ಕೆಂಪು ಗುರುತು ಬಿದ್ದದ್ದು ಒಂಬತ್ತು ಜನಕ್ಕೆ. ಆರುನೂರು ಹೆಂಗಸರಲ್ಲಿ ಇನ್ನೂರ ಹನ್ನೆರಡು ಜನಕ್ಕೆ. ಇಷ್ಟು ಜನ ಒಟ್ಟಿಗೆ ಆಸ್ಪತ್ರೆಗೆ ನುಗ್ಗಿದರೆ ಮಣಿಯನ್ನು ಗಟಾರಕ್ಕೆ ಎಸೆಯುತ್ತಾರೆ, ನಮ್ಮನ್ನೂ ಅದರ ಹಿಂದೆಯೇ ಎಸೆಯುತ್ತಾರೆ ಎಂದು ಕೂಗಾಡಿದರು.

ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದಾಗ ನಾನು ನಕ್ಕೆ. ಆ ನಗು ಈಗ ನೆನಪಾದರೆ ಮುಖ ಎಲ್ಲಿಡಲಿ ಅನ್ನಿಸುತ್ತದೆ. ಸರ್, ಇದು ರೋಗವಲ್ಲ, ಇದು ನಮ್ಮ ಕಡೆಯ ಪದ್ಧತಿ ಎಂದೆ. ನಮ್ಮ ಹೆಂಗಸರು ಕೂತು ಉಣ್ಣುವುದಿಲ್ಲ, ತುತ್ತು ಬಾಯಲ್ಲಿಟ್ಟುಕೊಂಡು ಎದ್ದು ಬಡಿಸುತ್ತಾರೆ, ಬಂದು ಕೂತ ಮೇಲೆ ನುಂಗುತ್ತಾರೆ, ಅಂತರ ಹೆಚ್ಚಾಗದೆ ಇನ್ನೇನಾದೀತು ಎಂದೆ. ಪುರಾವೆಯಾಗಿ ಅಕ್ಕನ ಉಬ್ಬಿದ ಕೆನ್ನೆಯ ಕತೆ ಹೇಳಿದೆ. ಸಭೆಯಲ್ಲಿದ್ದವರೆಲ್ಲ ನಕ್ಕರು, ಒಬ್ಬರು ಟಿಪ್ಪಣಿಯನ್ನೂ ಮಾಡಿಕೊಂಡರು. ಮಣಿ ಹಾಕಿಸಿಕೊಳ್ಳುವ ಅರ್ಜಿಯಲ್ಲಿ ನಾನು ಒಂದು ಪ್ರಶ್ನೆ ಸೇರಿಸಿದೆ. ಮನೆಯಲ್ಲಿ ಬಡಿಸುವವರು ಯಾರು? 'ನಾನೇ' ಎಂದು ಬರೆದವರ ನುಂಗುವ ಅಂತರವನ್ನು ಮಣಿ ಲೆಕ್ಕಕ್ಕೆ ಹಿಡಿಯಬಾರದು. ಒಂದೇ ಸಾಲಿನ ಆಜ್ಞೆ. ಕೆಂಪು ಗುರುತುಗಳೆಲ್ಲ ಒಂದು ಮಧ್ಯಾಹ್ನದಲ್ಲಿ ಮಾಯವಾದವು. ನೆಲದ ಸಂಸ್ಕೃತಿ ಬಲ್ಲ ವಿಜ್ಞಾನಿ ಎಂದು ನಿರ್ದೇಶಕರು ನನ್ನ ಬೆನ್ನು ತಟ್ಟಿದರು.

ಜೋಹರಾ ಮಾತ್ರ ಸಭೆ ಮುಗಿದ ಮೇಲೂ ಕುರ್ಚಿ ಬಿಟ್ಟು ಏಳಲಿಲ್ಲ.

"ಸರ್, ಎದ್ದು ಬಡಸೋರ ಗಂಟ್ಲೂ ಗಂಟ್ಲನ ಅಲ್ರೀ? ಒಂದ್ ತಿಂಗ್ಳು ಕೊಡ್ರಿ, ಎದ್ದದ್ದು ಯಾವುದು, ನುಂಗಾಕ ಆಗದ್ದು ಯಾವುದು ಅಂತ ಬ್ಯಾರೆ ಮಾಡಿ ಕೊಡ್ತೀನಿ."

ಒಂದು ತಿಂಗಳು ಎಲ್ಲಿಂದ ತರಲಿ ಎಂದೆ. ಉದ್ಘಾಟನೆಯ ದಿನ ಗೊತ್ತಾಗಿತ್ತು. ಅವಳು ಎದ್ದು ಹೋದಳು. ಅಳಿಸು ಎಂದು ನಾನು ಹೇಳಿದ್ದ ನುಂಗುವ ಅಂತರದ ಕಚ್ಚಾ ಲೆಕ್ಕವನ್ನು ಅಳಿಸದೆ ಇಟ್ಟುಕೊಂಡಿದ್ದಳು ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಆ ಮಳೆಗಾಲದಲ್ಲಿ ಅಕ್ಕ ಫೋನ್ ಮಾಡಿದಳು. ಅವಳು ತಾನಾಗಿ ಫೋನ್ ಮಾಡುವವಳಲ್ಲ. ಖಾನಾವಳಿಯ ಸುದ್ದಿ, ಓಣಿಯ ಸುದ್ದಿ ಎಲ್ಲ ಹೇಳಿ, ಕೊನೆಗೆ ಮಾತು ತೇಲಿಸಿದ ಹಾಗೆ ಒಂದು ಮಾತು ಹೇಳಿದಳು.

"ತಮ್ಮಾ, ರೊಟ್ಟಿ ತಿಂದ್ರ ಇಲ್ಲೆ ಎದ್ಯಾಗ ನಿಂತಂಗ ಆಕ್ಕೈತಿ ನೋಡು."

ನಾನು ಪರದೆಯ ಮೇಲೆ ಅವಳ ಅಂಕಿ ನೋಡುತ್ತಲೇ ಮಾತಾಡುತ್ತಿದ್ದೆ. ಅವಳು ಪ್ರಯೋಗದಲ್ಲಿ ಹದಿನೇಳನೇ ನಂಬರು. ಆ ವಾರದ ಸರಾಸರಿ ತುತ್ತಿಗೆ ಮೂವತ್ತೊಂದು. "ನಲವತ್ತು ಸಲ ಅಗಿ ಅಕ್ಕಾ, ತಾನ ಇಳೀತೈತಿ" ಅಂದೆ. ಹ್ಞೂಂ ಅಂದಳು. ಡಾಕ್ಟರಿಗೆ ತೋರಿಸು ಅನ್ನುವುದು ನನಗೆ ಹೊಳೆಯಲಿಲ್ಲ. ಅವಳಿಗೂ ಹೊಳೆಯಲಿಲ್ಲ, ಯಾಕೆಂದರೆ ಅವಳ ಪ್ರಕಾರ ಡಾಕ್ಟರಿಗೆ ತೋರಿಸಿಯಾಗಿತ್ತು. ನಾನು ಪದವಿ ಮುಗಿಸಿ ಬಂದ ದಿನದಿಂದ ಇಡೀ ಓಣಿಗೆ ನಾನು ಡಾಕ್ಟರ್. ಮೊದಲ ವರ್ಷ ನಾನು ಆ ಡಾಕ್ಟರ್ ಅಲ್ಲ ಎಂದು ತಿಳಿಸಿ ಹೇಳುತ್ತಿದ್ದೆ. ಆಮೇಲೆ ಬಿಟ್ಟುಬಿಟ್ಟೆ. ಕಟ್ಟೆಯ ಮೇಲೆ ಕೂತ ಹಿರಿಯರು ನನ್ನನ್ನು ಕಂಡು ಎದ್ದು ನಿಂತರೆ ಯಾರಿಗೆ ಬೇಡ?

ಮುಂದಿನ ತಿಂಗಳುಗಳಲ್ಲಿ ಹದಿನೇಳನೇ ನಂಬರಿನ ಗೆರೆ ಏರತೊಡಗಿತು. ನಲವತ್ತು, ನಲವತ್ತೆಂಟು, ಅರವತ್ತು. ತೂಕ ಇಳಿಯತೊಡಗಿತು. ಎಂಬತ್ತನಾಲ್ಕು ಇದ್ದವಳು ಎಪ್ಪತ್ತೈದಾದಳು, ಎಪ್ಪತ್ತಾದಳು, ಹದಿನಾಲ್ಕು ತಿಂಗಳಿಗೆ ಅರವತ್ತಮೂರಕ್ಕೆ ಬಂದು ನಿಂತಳು. ಇಡೀ ಪ್ರಯೋಗದಲ್ಲಿ ಅಷ್ಟು ಇಳಿದವರು ಇನ್ನೊಬ್ಬರಿಲ್ಲ. ನಾನು ಆ ಗೆರೆಯನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಕೋಣೆಯ ಗೋಡೆಗೆ ಅಂಟಿಸಿಕೊಂಡೆ. ಬಂದವರಿಗೆಲ್ಲ ತೋರಿಸುತ್ತಿದ್ದೆ. ದೀಪದ ಬುಡದಲ್ಲಿ ಕತ್ತಲು ಅನ್ನುತ್ತಾರೆ. ನನ್ನದು ಕಣ್ಣೆದುರಿಗೇ ಇದ್ದ ಕತ್ತಲು, ನಾನೇ ಅಂಟು ಹಚ್ಚಿ ಗೋಡೆಗೆ ಹಚ್ಚಿಕೊಂಡ ಕತ್ತಲು.

ಉದ್ಘಾಟನೆಗೆ ಅಕ್ಕನನ್ನು ಕರೆಸಿದೆ. ಬರುವಾಗ ಹಳೆಯ ಕುಬಸ ಒಂದು ತಾ ಎಂದೆ, ದಪ್ಪ ಇದ್ದಾಗ ಹಾಕುತ್ತಿದ್ದ ರವಿಕೆ. ಯಾಕೆ ಎಂದಳು. ವೇದಿಕೆಯ ಮೇಲೆ ಹಿಡಿದು ತೋರಿಸಿದರೆ ಎಷ್ಟು ಇಳಿದಿದ್ದೀ ಎಂದು ಜನಕ್ಕೆ ತಟ್ಟನೆ ತಿಳಿಯುತ್ತದೆ ಎಂದೆ.

"ಕುಬಸಾ ನಾಕ ಮಂದ್ಯಾಗ ಹಿಡದು ತೋರಸೂದೇನೋ ಮುರಿಗ್ಯಾ? ಚಂದ ಕಾಣತೈತೇನ?"

ಇದು ವಿಜ್ಞಾನ ಅಕ್ಕ, ಇದರಲ್ಲಿ ನಾಚಿಕೆ ಏನು ಎಂದು ಗದರಿದೆ. ಅವಳು ಬಂದಳು. ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಬಸ. ತೋಳು ಸಡಿಲಾಗಿ ಜೋತುಬಿದ್ದದ್ದಕ್ಕೆ ಒಳಗಿಂದ ಹೊಲಿಗೆ ಹಾಕಿಕೊಂಡಿದ್ದಳು. ನಾನೂರು ಜನರ ಮುಂದೆ, ಎಷ್ಟೋ ಕ್ಯಾಮೆರಾಗಳ ಮುಂದೆ ಅರವತ್ತು ವರ್ಷದ ಅಕ್ಕ ತನ್ನ ಹಳೆಯ ಕುಬಸವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಚಪ್ಪಾಳೆ ಬಿತ್ತು. ಅವಳು ತಲೆ ಎತ್ತಲಿಲ್ಲ. ಹಳ್ಳಿಯ ವಿನಯ ಎಂದು ನಾನು ಮೈಕಿನಲ್ಲಿ ಹೇಳಿದೆ.

ಅಂದು ಮಧ್ಯಾಹ್ನ ಊಟಕ್ಕೆ ಅಕ್ಕನ ಪಕ್ಕ ಕೂತವಳು ಜೋಹರಾ. ನಾನು ಮಂತ್ರಿಗಳ ಸಾಲಿನಲ್ಲಿದ್ದೆ. ಮರುದಿನ ಬೆಳಿಗ್ಗೆ ಜೋಹರಾ ನನ್ನ ಕೋಣೆಗೆ ಬಂದು ಬಾಗಿಲು ಹಾಕಿದಳು. ಕೈಯಲ್ಲಿ ಎರಡು ಹಾಳೆ ಇದ್ದವು. ಕುಳಿತುಕೊಳ್ಳದೆ ಕೇಳಿದಳು.

"ಅಕ್ಕಾರು ಎಲಿ ಅಡಿಕಿ ಹಾಕ್ಕೊಂತಾರೇನ್ರೀ ಸರ್?"

ಜನ್ಮದಲ್ಲಿ ಹಾಕಿಲ್ಲ, ವಾಸನೆ ಬಂದರೂ ಆಗುವುದಿಲ್ಲ ಅವಳಿಗೆ ಎಂದೆ.

"ಮಣಿ ಪ್ರಕಾರ ಹೋದ ತಿಂಗ್ಳು ಅವ್ರು ದಿನಕ್ಕ ಹದಿನೈದು ಸಲ ಎಲಿ ಅಡಿಕಿ ಹಾಕ್ಕೊಂಡಾರ್ರೀ. ಅದು ಎಲಿ ಅಡಿಕಿ ಅಲ್ಲ. ತುತ್ತು. ಎಪ್ಪತ್ತ ಸಲ ಅಗದಾರ, ನುಂಗಿಲ್ಲ. ನಿನ್ನಿ ನಾ ಬಾಜೂಕ ಕುಂತು ನೋಡೀನಿ, ಅಗದು ಅಗದು ಸೆರಗಿನಾಗ ತಕ್ಕೊಳ್ಳಾಕತ್ತಿದ್ರು."

ಎರಡನೇ ಹಾಳೆಯನ್ನು ನನ್ನ ಮುಂದೆ ಇಟ್ಟಳು. ಅಳಿಸು ಎಂದಿದ್ದ ಲೆಕ್ಕ. ಹದಿನೇಳನೇ ನಂಬರು ನುಂಗಿದ ತುತ್ತುಗಳಲ್ಲಿ ಅಂತರ ಮೊದಲ ತಿಂಗಳು ಎರಡು ಸೆಕೆಂಡು. ಅವಳು ಫೋನ್ ಮಾಡಿದ ತಿಂಗಳು ಐದು. ಚಳಿಗಾಲದಲ್ಲಿ ಎಂಟು. ಈಗ ಹನ್ನೊಂದು. ನನ್ನ ಒಂದು ಸಾಲಿನ ಆಜ್ಞೆ ಇಲ್ಲದಿದ್ದರೆ ಅವಳ ಕಿವಿಯ ಮಣಿಯ ಮೇಲೆ ಎಂಟು ತಿಂಗಳ ಹಿಂದೆಯೇ ಕೆಂಪು ಗುರುತು ಬೀಳುತ್ತಿತ್ತು. ಗೋಡೆಯ ಮೇಲಿನ ಗೆರೆಯನ್ನು ನೋಡಿದೆ. ಅಕ್ಕ ಅಗಿದು ತೆಳ್ಳಗಾದವಳಲ್ಲ, ಉಪವಾಸ ಬಿದ್ದು ತೆಳ್ಳಗಾದವಳು. ಭೂಮಿ ಬಾಯಿಬಿಡಬಾರದೇ ಅನ್ನುವ ಮಾತನ್ನು ಕೇಳಿದ್ದೆ, ಅಂದು ನಿಜವಾಗಿ ಬೇಡಿಕೊಂಡೆ. ಜೋಹರಾ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಕೊಳವೆ ಇಳಿಸಿ ನೋಡಿದರು. ಅನ್ನನಾಳದ ಕೆಳಭಾಗದಲ್ಲಿ ಗಡ್ಡೆ, ದಾರಿಯ ಮುಕ್ಕಾಲು ಪಾಲು ಮುಚ್ಚಿತ್ತು. ವೈದ್ಯೆ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಅಕ್ಕನನ್ನು ಮೆತ್ತಗೆ ಕೇಳಿದರು.

"ತೋರಸಿದ್ನಲ್ರೀ ಡಾಕ್ಟರ್ ಬಾಯಾರ. ನಮ್ಮ ತಮ್ಮನ ಡಾಕ್ಟರ್ ಅದಾನ. ನಲವತ್ತು ಸಲ ಅಗಿ ಅಂದಿದ್ದ, ನಾ ಎಪ್ಪತ್ತು ಸಲ ಅಗದೀನಿ" ಎಂದಳು ಅಕ್ಕ. ನನ್ನ ಮಾತನ್ನು ಮೀರಿ ಪಾಲಿಸಿದ್ದೇನೆ ಎನ್ನುವ ಹೆಮ್ಮೆ ಆ ದನಿಯಲ್ಲಿತ್ತು.

ವೈದ್ಯೆ ನನ್ನ ಕಡೆ ತಿರುಗಿ ಯಾವ ವಿಭಾಗ ಸರ್ ಎಂದು ಕೇಳಿದರು. ಆಹಾರ ವಿಜ್ಞಾನ ಎಂದೆ. ಅವರಿಗೆ ಅರ್ಥವಾಯಿತು. ಆರೆಂಟು ತಿಂಗಳು ಮೊದಲು ಬಂದಿದ್ದರೆ ಸಣ್ಣ ಚಿಕಿತ್ಸೆಯಲ್ಲೇ ಮುಗಿಯಬಹುದಿತ್ತು ಎಂದು ಹೊರಗೆ ಕರೆದು ನನಗೊಬ್ಬನಿಗೇ ಹೇಳಿದರು. ಈಗ ಅನ್ನನಾಳದ ಬಹುಭಾಗ ತೆಗೆದು ಜಠರವನ್ನೇ ಮೇಲಕ್ಕೆಳೆದು ಜೋಡಿಸಬೇಕು. ಬದುಕಿದರೂ ಬಹಳ ಕಾಲ ಗಂಜಿ, ಅಂಬಲಿ. ಕಡಕ್ ರೊಟ್ಟಿಯನ್ನು ಮರೆತುಬಿಡಬೇಕು.

ಒಳಗೆ ಹೋಗಿ ಅಕ್ಕನ ಮುಂದೆ ಕುಳಿತೆ. ನಾನು ರೋಗ ನೋಡುವ ಡಾಕ್ಟರ್ ಅಲ್ಲ ಅಕ್ಕ, ಎಂದೂ ಆಗಿರಲಿಲ್ಲ, ನಿನ್ನ ಗಂಟಲಿನ ಲೆಕ್ಕ ನನ್ನ ಕೈಯಲ್ಲೇ ಇತ್ತು, ನೀನು ಬಡಿಸುವಾಕೆ ಅಂತ ನಾನೇ ಅದನ್ನು ತೆಗೆಸಿಹಾಕಿದೆ ಎಂದು ಎಲ್ಲವನ್ನೂ ಹೇಳಿದೆ. ಅವಳು ಕಿವಿಯ ಕೆಳಗಿನ ಮಣಿಯನ್ನು ಮುಟ್ಟಿ ನೋಡಿಕೊಂಡಳು.

"ಹಂಗಾರ ನನಗ ಒಬ್ಬಾಕಿಗೆ ಅಲ್ಲ" ಎಂದಳು. "ಓಣ್ಯಾಗ ಎಲ್ಲಾರ ಕಿವಿಗೂ ನಾನ ಅಂಟಿಸೀನಿ. ಅವ್ರನ್ನೆಲ್ಲಾ ನೋಡ ಹೋಗು ಮೊದ್ಲ. ನನ್ನ ಮುಂದ ಕುಂತು ಏನ ಮಾಡ್ತಿ?"

ಹೋದೆ. ನಿರ್ದೇಶಕರಿಗೆ ತಪ್ಪೊಪ್ಪಿಗೆ ಬರೆದುಕೊಟ್ಟೆ, ಪತ್ರಿಕೆಗಳಿಗೂ ಕಳಿಸಿದೆ. ಮಣಿಗಾಗಿ ಬಂದಿದ್ದ ಪ್ರಶಸ್ತಿ ಹಿಂದಿರುಗಿಸಿದೆ, ಅದರ ಮೇಲೆ ಬರೆದಿದ್ದ ಪ್ರಬಂಧ ವಾಪಸು ಪಡೆದೆ. ಅಷ್ಟರಲ್ಲಿ ಆ ಒಂದು ಸಾಲಿನ ಆಜ್ಞೆ ರಾಜ್ಯದ ಲಕ್ಷಾಂತರ ಹೆಂಗಸರ ಕಿವಿಗಳನ್ನು ಸೇರಿಯಾಗಿತ್ತು. ಜೋಹರಾ ತಾನು ಕೇಳಿದ್ದ ಒಂದು ತಿಂಗಳ ಕೆಲಸವನ್ನು ಹನ್ನೆರಡು ದಿನದಲ್ಲಿ ಮುಗಿಸಿದಳು. ಮೊದಲ ಪ್ರಯೋಗದ ಇನ್ನೂರ ಹನ್ನೆರಡು ಕೆಂಪು ಗುರುತುಗಳಲ್ಲಿ ಬಹುಪಾಲು ನಿಜಕ್ಕೂ ಎದ್ದು ಬಡಿಸಿದ್ದರಿಂದಲೇ ಬಿದ್ದವು. ಆ ಮಟ್ಟಿಗೆ ನಾನು ಹೇಳಿದ್ದು ಸರಿ. ಆದರೆ ಆಮೇಲೆ ಗುರುತು ಬೀಳಬೇಕಿದ್ದವರನ್ನೂ ಸೇರಿಸಿ ಹತ್ತೊಂಬತ್ತು ಹೆಂಗಸರು ಕೂತಲ್ಲೇ ಕೂತು ನುಂಗಲು ತಿಣುಕಿದ್ದರು. ಅಷ್ಟೂ ಮನೆಗಳಿಗೆ ನಾನೇ ಹೋದೆ. ಏಳು ಜನರಲ್ಲಿ ನಿಜವಾದ ರೋಗವಿತ್ತು, ಅಕ್ಕನೂ ಸೇರಿ. ಆ ಏಳರಲ್ಲಿ ಇಬ್ಬರ ಮನೆಯಲ್ಲಿ ನನ್ನನ್ನು ಎದುರುಗೊಂಡದ್ದು ಗೋಡೆಯ ಮೇಲಿನ ಮಾಲೆ ಹಾಕಿದ ಫೋಟೋ.

ಒಂದು ಮನೆ ಇಳಕಲ್ಲಿನದು. ಹೆಂಡತಿಯನ್ನು ಕಳೆದುಕೊಂಡ ನೇಕಾರ, ನನ್ನದೇ ವಯಸ್ಸು. ನಾನು ಯಾರೆಂದು ಹೇಳಿದ ಮೇಲೂ ಚಾಪೆ ಹಾಸಿ ನೀರು ಕೊಟ್ಟ.

"ದಿನಾ ಉಂಡ ಮ್ಯಾಲೆ ಶಭಾಷ್ ಅಂತಿತ್ರೀ ಅದು" ಎಂದ. "ಆಕಿ ನಗತಿದ್ಲು. ಹುಟ್ಟಿದಾಗಿಂದ ನನಗ್ಯಾರೂ ಉಂಡಿದ್ದಕ್ಕ ಶಭಾಷ್ ಅಂದಿಲ್ಲ ಅಂತಿದ್ಲು. ಕಡೀಕಡೀಕ ಏನೂ ಇಳೀತಿದ್ದಿಲ್ಲ. ಆದ್ರೂ ಅದು ಶಭಾಷ್ ಅಂತಿತ್ತು."

ಅವನು ಕೊಟ್ಟ ನೀರನ್ನು ಕುಡಿಯಲೂ ಆಗಲಿಲ್ಲ, ಕೆಳಗಿಡಲೂ ಆಗಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ, ಅದು ಸುಳ್ಳು. ಮಾಡಿದವನು ನಾನು, ಉಂಡವರು ಬೇರೆಯವರು. ಆ ಮನೆಯಿಂದ ಹೊರಬಿದ್ದವನು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಮೂರು ಬಸ್ಸು ಹೋಗುವ ತನಕ ಕೂತಿದ್ದೆ. ಧಾರವಾಡಕ್ಕೆ ಬಂದು ಪ್ರಯೋಗಾಲಯದ ಮುಖ್ಯಸ್ಥನ ಕುರ್ಚಿ ಬಿಟ್ಟುಕೊಟ್ಟೆ. ಈಗ ಅಲ್ಲಿ ಕೂರುವವಳು ಜೋಹರಾ, ನಾನು ಅವಳ ಕೈಕೆಳಗೆ ಮಣಿಗಳನ್ನು ಪರೀಕ್ಷಿಸುತ್ತೇನೆ.

ಅವಳು ಮಾಡಿದ ಮೊದಲ ಬದಲಾವಣೆ ನಿಮಗೆಲ್ಲ ಗೊತ್ತಿರುವಂಥದ್ದೇ. ಎದ್ದು ಬಡಿಸುವವರನ್ನು ಲೆಕ್ಕದಿಂದ ಬಿಡುವ ಬದಲು ಅವರು ಏಳದ ಹಾಗೆ ಮಾಡಿದಳು. ಬಾಯಲ್ಲಿ ತುತ್ತಿಟ್ಟುಕೊಂಡು ಯಾರೇ ಎದ್ದರೂ, ಗಂಡಾಗಲಿ ಹೆಣ್ಣಾಗಲಿ, ಮಣಿ ಗುಂಯ್ ಅನ್ನುತ್ತದೆ. ಈ ಸಲ ಸೊಳ್ಳೆಯ ದನಿಯಲ್ಲಲ್ಲ, ಪಂಕ್ತಿಗೆಲ್ಲ ಕೇಳುವ ಹಾಗೆ. ಕೂತು ನುಂಗುವ ತನಕ ನಿಲ್ಲುವುದಿಲ್ಲ. ಅಳತೆ ಸರಿಯಾಗಿ ಸಿಗಬೇಕಾದರೆ ಇದೊಂದೇ ದಾರಿ ಎಂದು ಅವಳು ವರದಿಯಲ್ಲಿ ಬರೆದಳು. ಮೊದಮೊದಲು ಊರೂರಲ್ಲಿ ಗಂಡಸರು ಗೊಣಗಿದರು, ಊಟದ ಹೊತ್ತಿನಲ್ಲಿ ಮನೆ ಜೇನುಗೂಡಾಗಿದೆ ಎಂದು ಪತ್ರ ಬರೆದರು. ಆಮೇಲೆ ಒಬ್ಬೊಬ್ಬರಾಗಿ ಪಲ್ಯದ ಬೋಗುಣಿ ಇರುವ ಜಾಗ ಕಲಿತರು.

ಅಕ್ಕನ ಶಸ್ತ್ರಚಿಕಿತ್ಸೆಯಾಗಿ ಐದು ತಿಂಗಳಾದ ಮೇಲೆ ಶ್ರಾವಣ ಬಂತು. ನಮ್ಮ ಕಡೆ ಪಂಚಮಿಯ ಮುಂಚೆ ರೊಟ್ಟಿ ಹಬ್ಬ. ಮನೆಮನೆಯವರು ಕಡಕ್ ರೊಟ್ಟಿ ಬಡಿದು, ಬಗೆಬಗೆಯ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇಟ್ಟುಕೊಂಡು ಒಬ್ಬರ ಮನೆಗೊಬ್ಬರು ಹಂಚುತ್ತಾರೆ. ಹಬ್ಬಕ್ಕೆ ಬಾ ಎಂದು ಅಕ್ಕ ಹೇಳಿಕಳಿಸಿದಳು. ಹೋಗಲು ಮುಖವಿರಲಿಲ್ಲ, ಹೋಗದಿರಲೂ ಮುಖವಿರಲಿಲ್ಲ.

ಖಾನಾವಳಿಯ ಬಾಗಿಲಲ್ಲಿ ಓಣಿಯ ಹೆಂಗಸರು ರೊಟ್ಟಿ ತಂದುಕೊಡುತ್ತಿದ್ದರು. ಯಾರೂ ನನಗೆ ಡಾಕ್ಟರ್ ಅನ್ನಲಿಲ್ಲ. ಯಾವಾಗ ಬಂದ್ಯೋ ಮುರಿಗೆಪ್ಪ ಎಂದಷ್ಟೇ ಕೇಳಿ ಮುಂದೆ ಹೋದರು. ಅಕ್ಕ ಒಲೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಳು. ಐವತ್ತೆರಡು ಕಿಲೋ. ರೊಟ್ಟಿ ಬಡಿಯುವ ಶಕ್ತಿ ಇರಲಿಲ್ಲ, ಆದರೆ ಬೇರೆಯವರು ಬಡಿದದ್ದನ್ನು ತಾನೇ ತಿರುವಿ ಹಾಕುತ್ತಿದ್ದಳು. ಬಿಸಿ ಹಂಚನ್ನು ಹಿಡಿಯಲು ಅವಳ ಕೈಯಲ್ಲಿದ್ದ ಬಟ್ಟೆಯ ಗುರುತು ನನಗೆ ಸಿಕ್ಕಿತು. ವೇದಿಕೆಯ ಮೇಲೆ ಹಿಡಿದಿದ್ದ ಅದೇ ಕುಬಸ. ಕಣ್ಣು ಬೇರೆ ಕಡೆ ತಿರುಗಿಸಿದೆ.

ನನಗೆ ತಾಟು ಹಾಕಿಸಿದಳು. ಕಡಕ್ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಉಳ್ಳಾಗಡ್ಡಿ. ಎದುರಿಗೆ ಅವಳ ಬಟ್ಟಲಲ್ಲಿ ತೆಳ್ಳಗಿನ ಜೋಳದ ಅಂಬಲಿ, ಆರು ಚಮಚೆಯಷ್ಟು. ಅದಕ್ಕಿಂತ ಹೆಚ್ಚು ಒಮ್ಮೆಗೆ ಇಳಿಯುವುದಿಲ್ಲ. ಅವಳ ಮುಂದೆ ಆ ರೊಟ್ಟಿ ಮುರಿಯುವುದು ಹೇಗೆ? ಕೈ ಬರಲಿಲ್ಲ. ನನಗೂ ಅಂಬಲಿ ಸಾಕು ಎಂದೆ.

"ನೀ ಉಪಾಸ ಬಿದ್ರ ನನ್ನ ಗಂಟಲಾ ತೆರೀತೈತೇನು? ಉಣ್ಣು. ಕಟುಕುಟು ಸಪ್ಪಳಾ ಕೇಳಿ ಬಾಳ ದಿನಾ ಆತು" ಎಂದಳು.

ರೊಟ್ಟಿ ಮುರಿದೆ, ಬಾಯಿಗಿಟ್ಟೆ. ಅಕ್ಕ ಕಣ್ಣು ಮುಚ್ಚಿಕೊಂಡು ಸಪ್ಪಳ ಕೇಳುತ್ತ ಕೂತಳು. ಅವಳ ದವಡೆ ತಾನಾಗಿ ಸಣ್ಣಗೆ ಆಡುತ್ತಿತ್ತು. ಕಿವಿಯ ಕೆಳಗಿನ ಮಣಿ ಅದನ್ನು ಎಣಿಸುತ್ತಿರಬೇಕು. ನೋಡಲಾಗದೆ ತಲೆ ತಗ್ಗಿಸಿದೆ. ಅಷ್ಟರಲ್ಲಿ ಅವಳು ಕಣ್ಣು ತೆರೆದು ಮಜ್ಜಿಗೆಗೆ ಕೈ ಚಾಚಿದಳು. ಅಂಬಲಿಗೆ ಎರಡು ಹನಿ ಮಜ್ಜಿಗೆ ಬೇಕಿತ್ತು, ಗಡಿಗೆ ಒಲೆಯ ಆಚೆ ಇತ್ತು. ಏಳಲು ಕುರ್ಚಿಯ ಕೈ ಹಿಡಿದಳು. ಅವಳಿಗಿಂತ ಮೊದಲು ನಾನು ಎದ್ದೆ.

ಎದ್ದು ಎರಡು ಹೆಜ್ಜೆ ಇಟ್ಟಿದ್ದೆ, ನನ್ನ ಕಿವಿಯ ಕೆಳಗೆ ಗುಂಯ್ ಎಂದಿತು. ಇಡೀ ಖಾನಾವಳಿಗೆ ಕೇಳಿತು. ಪಡಸಾಲೆಯಲ್ಲಿ ಉಣ್ಣುತ್ತಿದ್ದ ಹೆಂಗಸರು ಇತ್ತ ತಿರುಗಿದರು. ತುತ್ತು ಬಾಯಲ್ಲೇ ಇತ್ತು. ಕೈಯಲ್ಲಿ ಮಜ್ಜಿಗೆಯ ಸೌಟು, ಉಬ್ಬಿದ ಕೆನ್ನೆ. ಮಾತಾಡಲು ಬಾರದೆ, ಎಷ್ಟು ಹಾಕಲಿ ಎಂದು ಕೈಯಿಂದಲೇ ಅಕ್ಕನನ್ನು ಕೇಳಿದೆ. ಅವಳು ನನ್ನ ಮುಖ ನೋಡಿದಳು. ನಲವತ್ತೈದು ವರ್ಷದ ಹಿಂದೆ ನಾನು ನಕ್ಕಿದ್ದೆ. ಅವಳು ನಗಲಿಲ್ಲ.

"ಕುಂದ್ರೋ ತಮ್ಮಾ. ಮಜ್ಜಿಗಿ ಎಲ್ಲೀಗೂ ಓಡಿ ಹೋಗೂದಿಲ್ಲ. ಮೊದ್ಲ ಕುಂತು ನುಂಗು" ಎಂದಳು.

ಕೂತೆ. ತುತ್ತು ಬಹಳ ಹೊತ್ತು ಇಳಿಯಲಿಲ್ಲ, ಮಣಿ ಗುಂಯ್ ಅನ್ನುತ್ತಲೇ ಇತ್ತು. ಇಷ್ಟು ವರ್ಷಗಳಲ್ಲಿ ಕುಂತು ನುಂಗು ಅನ್ನುವ ಆ ಒಂದು ಮಾತನ್ನು ನಾನು ಅಕ್ಕನಿಗೆ ಒಂದು ಸಲವೂ ಹೇಳಿರಲಿಲ್ಲ.